ಮೂವತ್ತು ಸಾವಿರದಲ್ಲಿ ಗೇಮಿಂಗ್ ಕಂಪ್ಯೂಟರ್: ಹಳೇ ಆಫೀಸ್ ಟವರ್ ತಂದು ಕಟ್ಟಿದ ಬಗೆ

ಅಕ್ಕನ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಚೀಟಿ ಇತ್ತು. ಯೂಟ್ಯೂಬ್ ನೋಡಿ ಬರೆದುಕೊಂಡಿದ್ದ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಆರು ಫ್ಯಾನ್. ಕೆಳಗೆ ಗೆರೆ ಎಳೆದು ಮೊತ್ತ ಹಾಕಿದ್ದ: 68,000. "ಚಿಕ್ಕಮ್ಮ, ಇದಕ್ಕಿಂತ ಕಮ್ಮಿಗೆ ಆಗಲ್ವಂತೆ" ಅಂದ. ಅಕ್ಕ ಕೊಬ್ಬರಿ ಮಾರಿದ ದುಡ್ಡಲ್ಲಿ ಅವನಿಗೆ ಅಂತ ಎತ್ತಿಟ್ಟಿದ್ದು 30,000. ಅದರಲ್ಲೇ ಮಾನಿಟರ್, ಕೀಬೋರ್ಡ್ ಎಲ್ಲ ಆಗಬೇಕಿತ್ತು.

ನಾನು ತಿಪಟೂರಿನಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಟೋನರ್, ಡ್ರಮ್ ತರಲು ತಿಂಗಳಿಗೊಮ್ಮೆ ಬೆಂಗಳೂರಿನ ಎಸ್‌ಪಿ ರೋಡಿಗೆ, ಅಂದರೆ ಕಂಪ್ಯೂಟರ್ ಸಾಮಾನಿನ ಪೇಟೆಗೆ, ಹೋಗಲೇಬೇಕು. ಅಂಗಡಿಯ ಕಂಪ್ಯೂಟರ್‌ಗಳನ್ನೂ ನಾನೇ ಬಿಚ್ಚಿ ಜೋಡಿಸುತ್ತೇನೆ. 2025ರ ಜೂನ್‌ನಲ್ಲಿ ಅವನನ್ನೂ ಕರೆದುಕೊಂಡು ಹೋಗಿ 29,900 ರೂಪಾಯಿಗೆ ಕೆಲಸ ಮುಗಿಸಿದೆ. ಹೇಗೆ ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಚೀಟಿ ಹಿಡಿದ ಹುಡುಗನೋ ಹುಡುಗಿಯೋ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಚೀಟಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿ: ಯಾವ ಆಟ ಆಡ್ತೀಯ? ನಮ್ಮ ಹುಡುಗ ಹೇಳಿದ್ದು ವ್ಯಾಲೊರಂಟ್, ಜಿಟಿಎ 5, ಮೈನ್‌ಕ್ರಾಫ್ಟ್. ವ್ಯಾಲೊರಂಟ್ ಸಾಧಾರಣ ಕಂಪ್ಯೂಟರ್‌ನಲ್ಲೂ ಓಡುವ ಹಾಗೆ ಮಾಡಿದ ಆಟ. ಜಿಟಿಎ 5 ಕಂಪ್ಯೂಟರ್‌ಗೆ ಬಂದಿದ್ದೇ 2015ರಲ್ಲಿ. ಇವಕ್ಕೆ ಅರವತ್ತೆಂಟು ಸಾವಿರದ ಮೆಷಿನ್ ಬೇಕಾಗಿಲ್ಲ. ನಾಳೆ ಬರುವ ದೊಡ್ಡ ಆಟಕ್ಕೂ ಇರಲಿ ಅಂತ ಈಗಲೇ ದುಡ್ಡು ಸುರಿಯಬೇಡಿ. ಅವನು ಈಗ ಗೆಳೆಯರ ಜೊತೆ ಆಡುವ ಆಟ ಚೆನ್ನಾಗಿ ಓಡಲಿ, ಅಷ್ಟು ಸಾಕು.

ನಾನು ಆರಿಸಿದ ದಾರಿ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿದ ಡೆಲ್, ಎಚ್‌ಪಿ, ಲೆನೊವೊ ಮೆಷಿನ್‌ಗಳನ್ನು ಲಾಟ್‌ನಲ್ಲಿ ಮಾರಿಬಿಡುತ್ತವೆ. ಅವು ಎಸ್‌ಪಿ ರೋಡಿನ ಮಹಡಿ ಅಂಗಡಿಗಳಿಗೆ ಬರುತ್ತವೆ. ಏಸಿ ರೂಮಿನಲ್ಲಿ, ಯುಪಿಎಸ್ ಕರೆಂಟಿನಲ್ಲಿ ಬಾಳಿದ ಮೆಷಿನ್‌ಗಳು. ಹೆಚ್ಚಿನವು ಎಕ್ಸೆಲ್, ಇಮೇಲ್ ಬಿಟ್ಟು ಬೇರೆ ಭಾರ ಹೊತ್ತಿಲ್ಲ. ಇದಕ್ಕೆ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಗೇಮಿಂಗ್ ಮೆಷಿನ್ ಸಿದ್ಧ.

ಆದರೆ ಯಾವುದೋ ಒಂದು ಹಳೇ ಡಬ್ಬಿ ತಂದರೆ ಆಗಲ್ಲ.

ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಷನ್ ಅಥವಾ ಅದರ ಮೇಲಿನದು ಇರಲೇಬೇಕು. ಐ5-8500 ಅಂತ ಇದ್ದರೆ ಅಡ್ಡಗೆರೆ ಆದಮೇಲಿನ 8 ನೋಡಿ, ಅದೇ ಜನರೇಷನ್. ಕಾರಣ ಎರಡು. ಒಂದು, ಅಲ್ಲಿಯವರೆಗೆ ಡೆಸ್ಕ್‌ಟಾಪ್ ಐ5 ಅಂದರೆ ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ), ಎಂಟನೇ ಜನರೇಷನ್‌ನಿಂದ ಆರು. ಇನ್ನೊಂದು, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲಿನವಕ್ಕೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಬೇಕು. ಎಂಟನೇ ಜನರೇಷನ್ ಆಫೀಸ್ ಮೆಷಿನ್‌ಗಳಲ್ಲಿ ಇವು ಸಿಗುತ್ತವೆ. ನಾಲ್ಕು, ಆರು, ಏಳನೇ ಜನರೇಷನ್ ಮೆಷಿನ್‌ಗಳನ್ನು ಅಂಗಡಿಯವರು ತುಂಬಾ ಕಮ್ಮಿ ರೇಟಿಗೆ ತೋರಿಸುತ್ತಾರೆ. ಆಸೆಯಾಗುತ್ತದೆ. ಆದರೂ ಬಿಡಿ.

"ಐ7 ಮೆಷಿನ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಸಮೇತ, ಬರೀ ಹದಿನೈದು ಸಾವಿರ" ಅಂತ ಆನ್‌ಲೈನ್‌ನಲ್ಲಿ ಕಂಡರೆ ಪೂರ್ತಿ ನಂಬರ್ ಕೇಳಿ. ಹೆಚ್ಚಿನ ಸಲ ಅದು ಐ7-2600, 2011ರದ್ದು. ನಮ್ಮ ಐ5-8500 ಅದಕ್ಕಿಂತ ಎಷ್ಟೋ ಜೋರು. ಜೊತೆಗೆ ಕೊಡುವ ಗ್ರಾಫಿಕ್ಸ್ ಕಾರ್ಡ್ ಜಿಟಿ 710 ಅಥವಾ 730 ಆಗಿರುತ್ತದೆ. ಮಾನಿಟರ್‌ನಲ್ಲಿ ಚಿತ್ರ ಬರಲಿ ಅಂತ ಹಾಕುವ ಕಾರ್ಡ್ ಅದು, ಆಟಕ್ಕಲ್ಲ. "4 ಜಿಬಿ ಗ್ರಾಫಿಕ್ಸ್" ಅನ್ನೋ ಮಾತಿಗೆ ಮರುಳಾಗಬೇಡಿ. ಜಿಬಿ ನೋಡಿದರೆ ಕಾರ್ಡಿನ ಶಕ್ತಿ ಗೊತ್ತಾಗಲ್ಲ, ಮಾಡೆಲ್ ನಂಬರ್ ನೋಡಬೇಕು.

ಇನ್ನು ಆಕಾರ. ಆಫೀಸ್ ಮೆಷಿನ್ ಮೂರು ಅಳತೆಯಲ್ಲಿ ಬರುತ್ತದೆ. ಪುಸ್ತಕದಷ್ಟು ಚಿಕ್ಕದು, ಮಲಗಿಸಿ ಇಡುವ ಚಪ್ಪಟೆಯದು, ನಿಲ್ಲಿಸುವ ಟವರ್. ಚಿಕ್ಕದರಲ್ಲಿ ಮಾಮೂಲಿ ಕಾರ್ಡ್ ಕೂರುವುದೇ ಇಲ್ಲ. ಚಪ್ಪಟೆಯದಕ್ಕೆ ಅರ್ಧ ಎತ್ತರದ ಕಾರ್ಡೇ ಬೇಕು. ಅದು ಸಿಗುವುದು ಅಪರೂಪ, ಸಿಕ್ಕರೂ ರೇಟ್ ಜಾಸ್ತಿ. ಕೆಲವು ಮಾಡೆಲ್‌ನಲ್ಲಿ ಕಾರ್ಡ್ ಕೂರಿಸುವ ಸ್ಲಾಟ್ ಪಕ್ಕದಲ್ಲೇ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಇರುತ್ತದೆ, ಎರಡು ಸ್ಲಾಟ್ ದಪ್ಪದ ಕಾರ್ಡ್ ಹಿಡಿಸುವುದಿಲ್ಲ. ಟವರ್‌ಗೆ ಸಾವಿರ ಜಾಸ್ತಿ ಕೇಳಿದರೂ ಟವರ್ ತಗೊಳ್ಳಿ. ನಾನು ತಂದಿದ್ದು ಡೆಲ್ ಆಪ್ಟಿಪ್ಲೆಕ್ಸ್ ಟವರ್. ಐ5-8500, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. 16,000 ಹೇಳಿದರು, 14,500ಕ್ಕೆ ಕೊಟ್ಟರು.

ಕೌಂಟರ್‌ನಲ್ಲಿ ಮಾಡಬೇಕಾದ್ದು

ತಿಪಟೂರಿನಿಂದ ಬೆಳಗಿನ ರೈಲು ಹತ್ತಿದರೆ ಅಂಗಡಿ ತೆಗೆಯುವ ಹೊತ್ತಿಗೆ ಮೆಜೆಸ್ಟಿಕ್. ಅಲ್ಲಿಂದ ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆ ಒಂದೇ ಸ್ಟೇಷನ್. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ರಸ್ತೆ ಮೇಲಿನ ಅಂಗಡಿಯಲ್ಲಿ ಹೊಸ ಮಾಲು ಜಾಸ್ತಿ. ಹಳೇ ಮೆಷಿನ್ ಬೇಕಾದರೆ ಪಕ್ಕದ ಸಂದಿಗಳಲ್ಲಿ, ಕಟ್ಟಡಗಳ ಮಹಡಿಗಳಲ್ಲಿ ಕೇಳಬೇಕು. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಮೂರ್ನಾಲ್ಕು ಕಡೆ ಒಂದೇ ಮಾಡೆಲ್ ಹೆಸರು ಹೇಳಿ ರೇಟ್ ಬರೆದುಕೊಳ್ಳಿ.

ಹೋಗುವಾಗ ನಾನು ಒಂದು ಪೆನ್‌ಡ್ರೈವ್ ತಗೊಂಡು ಹೋಗುತ್ತೇನೆ. ಅದರಲ್ಲಿ ನಾಲ್ಕು ಪುಕ್ಕಟೆ ಸಾಫ್ಟ್‌ವೇರ್: ಎಚ್‌ಡಬ್ಲ್ಯೂ ಇನ್ಫೋ (ಒಳಗಿನ ಸಾಮಾನು, ಶಾಖ ತೋರಿಸುತ್ತದೆ), ಕ್ರಿಸ್ಟಲ್ ಡಿಸ್ಕ್ ಇನ್ಫೋ, ಜಿಪಿಯು-ಝಡ್, ಫರ್‌ಮಾರ್ಕ್. "ಅಣ್ಣ, ಆನ್ ಮಾಡಿ ತೋರಿಸಿ, ಹತ್ತು ನಿಮಿಷ ನೋಡ್ತೀನಿ" ಅಂದರೆ ಒಳ್ಳೇ ಅಂಗಡಿಯವರು ಬೇಡ ಅನ್ನಲ್ಲ. ಬೇಡ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಬಯಾಸ್ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್) ಪಾಸ್‌ವರ್ಡ್. ಡೆಲ್ ಆದರೆ ಆನ್ ಮಾಡಿದ ಕೂಡಲೇ ಎಫ್2, ಎಚ್‌ಪಿ ಆದರೆ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಆ ಮೆಷಿನ್ ಮುಟ್ಟಬೇಡಿ. ಹಳೇ ಕಂಪನಿ ಹಾಕಿದ ಬೀಗ ಅದು. ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಲು ಹೋದಾಗ ಕೈ ಕಟ್ಟಿದ ಹಾಗಾಗುತ್ತದೆ. ಬೋರ್ಡಿನ ಸೆಲ್ ತೆಗೆದು ಹಾಕಿದರೆ ಎಲ್ಲ ಮೆಷಿನ್‌ನಲ್ಲೂ ಪಾಸ್‌ವರ್ಡ್ ಹೋಗುವುದಿಲ್ಲ.

ಆಮೇಲೆ ಡೆಲ್‌ನಲ್ಲಿ ಎಫ್12 ಒತ್ತಿ, ಡಯಾಗ್ನೋಸ್ಟಿಕ್ಸ್ ಅನ್ನೋದನ್ನು ಓಡಿಸಿ. ರ‍್ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಅದೇ ಪರೀಕ್ಷೆ ಮಾಡುತ್ತದೆ. ವಿಂಡೋಸ್ ಬಂದಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಎಸ್‌ಎಸ್‌ಡಿಯ ಹೆಲ್ತ್ ಶೇಕಡಾ ಎಷ್ಟು ನೋಡಿ. ತೊಂಬತ್ತರ ಮೇಲಿದ್ದರೆ ನನಗೆ ನೆಮ್ಮದಿ. ಯುಎಸ್‌ಬಿ ಪೋರ್ಟ್‌ಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಚುಚ್ಚಿ ನೋಡಿ. ಕ್ಯಾಬಿನೆಟ್ ಬಿಚ್ಚಿಸಿ ಎಸ್‌ಎಂಪಿಎಸ್ ಸ್ಟಿಕ್ಕರ್ ಓದಿ. ನಮ್ಮದು 260 ವ್ಯಾಟ್. ಬೋರ್ಡಿನಲ್ಲಿ ಇನ್ನೊಂದು ರ‍್ಯಾಮ್ ಹಾಕಲು ಜಾಗ, ಇನ್ನೊಂದು ಎಸ್‌ಎಸ್‌ಡಿಗೆ ಪವರ್ ಕನೆಕ್ಟರ್ ಖಾಲಿ ಇದೆಯಾ ಅಂತಲೂ ಆಗಲೇ ನೋಡಿ. ಈ ಮೆಷಿನ್‌ಗಳಲ್ಲಿ ಆ ಕೇಬಲ್ ಬೇರೆ ಥರ ಇರುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗಲ್ಲ.

ಬಿಲ್ ಕೇಳಿ ಪಡೆಯಿರಿ. ಅದರ ಮೇಲೆ ಮಾಡೆಲ್, ಸೀರಿಯಲ್ ನಂಬರ್, ವಾರಂಟಿ ಎಷ್ಟು ದಿನ ಅಂತ ಬರೆಸಿ. ಬಾಯಿಮಾತಿನ ವಾರಂಟಿ ತಿಪಟೂರಿಗೆ ವಾಪಸ್ ಬಂದಮೇಲೆ ಲೆಕ್ಕಕ್ಕಿಲ್ಲ.

260 ವ್ಯಾಟ್ ಸಾಕಾ

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ನನ್ನ ಅನುಭವವನ್ನೇ ಹೇಳಬೇಕು.

2019ರಲ್ಲಿ ಅಂಗಡಿಗೆ ಒಂದು ಅಸೆಂಬಲ್ಡ್ ಮೆಷಿನ್ ಹಾಕಿಸಿದ್ದೆ. ಕ್ಯಾಬಿನೆಟ್ ಜೊತೆಗೇ ಎಸ್‌ಎಂಪಿಎಸ್ ಬಂದಿತ್ತು, ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿತ್ತು. ಮೇ ತಿಂಗಳ ಒಂದು ಸಂಜೆ ಗಾಳಿಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಮೂರನೇ ಸಲ ಬಂದಾಗ ಪಟ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಲಿಲ್ಲ. ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಮಾರನೇ ದಿನ ಪ್ರಿಂಟಿಗೆ ಹೋಗಬೇಕಿದ್ದ ಎರಡು ಮದುವೆ ಕಾರ್ಡಿನ ಕೆಲಸ ಅದರಲ್ಲಿತ್ತು. ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದೆ. ಬೆಳಗ್ಗೆ ಆ ಎಸ್‌ಎಂಪಿಎಸ್ ಕೈಯಲ್ಲಿ ಹಿಡಿದು ನೋಡಿದರೆ ಡಬ್ಬಿ ಖಾಲಿ ಇದೆಯೇನೋ ಅನ್ನುವಷ್ಟು ಹಗುರ.

ಅಂದಿನಿಂದ ನಾನು ವ್ಯಾಟ್ ಮಾತ್ರ ನೋಡಲ್ಲ, ಯಾರು ಮಾಡಿದ್ದು ಅಂತ ನೋಡುತ್ತೇನೆ. ದೊಡ್ಡ ಕಂಪನಿಯ ಆಫೀಸ್ ಮೆಷಿನ್‌ನಲ್ಲಿರುವ 260 ವ್ಯಾಟ್ ನಿಜವಾದ 260. ಲೆಕ್ಕ ಹಾಕಿ: ಐ5-8500ರ ರೇಟಿಂಗ್ 65 ವ್ಯಾಟ್, ನಾವು ಹಾಕುವ ಕಾರ್ಡ್ 75. ಪ್ರೊಸೆಸರ್ ಜೋರಾಗಿ ಓಡುವಾಗ ಸ್ವಲ್ಪ ಹೊತ್ತು ಜಾಸ್ತಿ ಎಳೆಯುತ್ತದೆ. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿಸಿದರೂ 260ರ ಒಳಗೆ ಆರಾಮಾಗಿ ಇರುತ್ತದೆ. ಆದರೆ ಇದಕ್ಕಿಂತ ದೊಡ್ಡ ಕಾರ್ಡ್ ಹಾಕುವ ಆಸೆ ಬೇಡ. ಡೆಲ್, ಎಚ್‌ಪಿ ಬೋರ್ಡ್‌ಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ. ಪೇಟೆಯ ಮಾಮೂಲಿ ಎಸ್‌ಎಂಪಿಎಸ್ ಹಾಗೇ ಕೂರಲ್ಲ.

ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದು ಸಲ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ. ನಮ್ಮ ಕಡೆ ಯುಪಿಎಸ್ ಕೂಡ ಬೇಕೇ ಬೇಕು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಆಟ ನಿಲ್ಲಿಸಿ ಶಟ್‌ಡೌನ್ ಮಾಡಲು ಅಷ್ಟು ಸಾಕು. ನನ್ನ ಅಂಗಡಿಯಲ್ಲಿದ್ದ ಒಂದಕ್ಕೆ ಬ್ಯಾಟರಿ ಹೊಸದು ಹಾಕಿಸಿ ಕೊಟ್ಟೆ. ಅದು ನನ್ನ ಉಡುಗೊರೆ, ಲೆಕ್ಕಕ್ಕೆ ಸೇರಿಸಿಲ್ಲ.

ಗ್ರಾಫಿಕ್ಸ್ ಕಾರ್ಡ್

ದುಡ್ಡೂ ಜಾಸ್ತಿ, ಮೋಸವೂ ಜಾಸ್ತಿ ಇಲ್ಲೇ. ನಮಗೆ ಬೇಕಾದ್ದು ಬೇರೆ ಪವರ್ ವಯರ್ ಇಲ್ಲದೆ ಬೋರ್ಡಿನ ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳುವ ಕಾರ್ಡ್. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಈ ಮಿತಿಯೊಳಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಚೆನ್ನಾಗಿ ಸಿಗುವುದು ಎನ್‌ವಿಡಿಯಾದ ಜಿಟಿಎಕ್ಸ್ 1650. 2019ರ ಕಾರ್ಡ್, 4 ಜಿಬಿ. ಅದಕ್ಕಿಂತ ಹಳೆಯದು 2016ರ 1050 ಟಿಐ. ಅದೂ ನಡೆಯುತ್ತದೆ, ಆದರೆ ರೇಟಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ 1650 ತಗೊಳ್ಳಿ. ಹೊಸದೇ ಬೇಕು, ದುಡ್ಡಿದೆ ಅನ್ನುವವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಇದೆ, 70 ವ್ಯಾಟ್.

1650ರಲ್ಲೇ ಕೆಲವಕ್ಕೆ ಆರು ಪಿನ್ನಿನ ಪವರ್ ಸಾಕೆಟ್ ಇರುತ್ತದೆ. ಅದು ನಮಗೆ ಬೇಡ, ಟವರ್‌ನಲ್ಲಿ ಆ ವಯರ್ ಇಲ್ಲ. ಎಎಂಡಿಯ ಆರ್‌ಎಕ್ಸ್ 6400 ಕೂಡ ಪವರ್ ವಯರ್ ಕೇಳಲ್ಲ. ಆದರೆ ಅದು ಬೋರ್ಡಿನ ಜೊತೆ ನಾಲ್ಕೇ ಲೇನ್‌ನಲ್ಲಿ (ಡೇಟಾ ಹೋಗುವ ದಾರಿ) ಮಾತಾಡುತ್ತದೆ. ಹೊಸ ಬೋರ್ಡಿನಲ್ಲಿ ಪರವಾಗಿಲ್ಲ, ನಮ್ಮ ಎಂಟನೇ ಜನರೇಷನ್ ಬೋರ್ಡಿನಲ್ಲಿ ಕೆಲವು ಆಟ ನಿಧಾನ ಆಗುತ್ತವೆ. ಆಟ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಕು ಅನ್ನುವ ಹುಡುಗರಿಗೆ ಇನ್ನೂ ತೊಂದರೆ, ಯಾಕೆಂದರೆ ವಿಡಿಯೋ ಎನ್‌ಕೋಡರ್ ಆ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಆರ್‌ಎಕ್ಸ್ 580 ಕಮ್ಮಿಗೆ ಸಿಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು 185 ವ್ಯಾಟ್ ಕುಡಿಯುತ್ತದೆ. ಹಲವು ಕಾರ್ಡ್‌ಗಳು ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದು ಬಂದವು. ನಮ್ಮ ಟವರ್‌ಗೆ ಅದು ಹೊಂದಲ್ಲ.

ನಕಲಿ ಕಾರ್ಡ್ ಅಂದರೆ ಬೋರ್ಡು, ಫ್ಯಾನು ಎಲ್ಲ ನಿಜವೇ. ಒಳಗಿನ ಚಿಪ್ ಹಳೆಯದು. ಕಾರ್ಡಿನೊಳಗಿನ ಸಾಫ್ಟ್‌ವೇರ್ (ಕಾರ್ಡಿನ ಬಯಾಸ್) ತಿದ್ದಿ 1050 ಟಿಐ, 1650 ಅಂತ ವಿಂಡೋಸ್‌ಗೆ ತೋರುವ ಹಾಗೆ ಮಾಡಿರುತ್ತಾರೆ. ಅದಕ್ಕೇ ಕಾರ್ಡನ್ನು ಅಲ್ಲೇ ಟವರ್‌ಗೆ ಹಾಕಿಸಿ ಜಿಪಿಯು-ಝಡ್ ತೆರೆಯಿರಿ. ನಕಲಿ ಎನ್‌ವಿಡಿಯಾ ಕಾರ್ಡ್ ಆದರೆ ಅದು ಹೆಸರಿನ ಮುಂದೆ "ಫೇಕ್" ಅಂತಲೇ ಇಂಗ್ಲಿಷ್‌ನಲ್ಲಿ ತೋರಿಸುತ್ತದೆ. ಜೊತೆಗೆ ಶೇಡರ್ಸ್ ಅನ್ನುವ ಜಾಗದಲ್ಲಿ ಸಂಖ್ಯೆ ನೋಡಿ. ಡೆಸ್ಕ್‌ಟಾಪ್‌ನ 1650ಕ್ಕೆ 896, 1050 ಟಿಐಗೆ 768. ಈ ಎರಡು ಸಂಖ್ಯೆ ಅಂಗೈ ಮೇಲೆ ಬರೆದುಕೊಂಡು ಹೋಗಿ.

ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಹತ್ತು ನಿಮಿಷ ಓಡಿಸಿ. ಈ ಹತ್ತು ನಿಮಿಷ ಅಂಗಡಿಯವರ ಜೊತೆ ಮಾತಿಗೆ ನಿಲ್ಲಬೇಡಿ, ಪರದೆಯನ್ನೇ ನೋಡಿ. ಬಣ್ಣಬಣ್ಣದ ಚುಕ್ಕಿ, ಗೆರೆ, ಮಿಣುಕು ಬಂದರೆ ಕಾರ್ಡಿನ ಮೆಮೊರಿಯೋ ಚಿಪ್ಪೋ ಹಾಳಾಗಿದೆ. ಶಾಖ 80 ಡಿಗ್ರಿ ಆಸುಪಾಸಿನಲ್ಲಿ ನಿಂತರೆ ಸರಿ. ಏರುತ್ತಲೇ ಹೋದರೆ, ಇಲ್ಲ ಫ್ಯಾನ್ ಕಿರಗುಟ್ಟಿದರೆ ಬೇಡ. ನಾವು ನೋಡಿದ ಮೊದಲ ಕಾರ್ಡ್‌ನಲ್ಲಿ ಆರನೇ ನಿಮಿಷಕ್ಕೆ ಹಸಿರು ಗೆರೆ ಬಂತು. ಐದು ನಿಮಿಷಕ್ಕೆ ನಿಲ್ಲಿಸಿದ್ದರೆ ಅದನ್ನೇ ತರುತ್ತಿದ್ದೆವು. ಎರಡನೆಯದು ಚೆನ್ನಾಗಿತ್ತು, 7,000 ಕೊಟ್ಟು ತಂದೆವು.

ಉಳಿದ ಸಾಮಾನು

ರ‍್ಯಾಮ್ 8 ಜಿಬಿ ಒಂದೇ ಕಡ್ಡಿ ಇತ್ತು. ಇನ್ನೊಂದು 8 ಜಿಬಿ ಹಳೆಯದು 1,200ಕ್ಕೆ ಹಾಕಿಸಿದೆ. ಎರಡು ಕಡ್ಡಿ ಜೋಡಿಯಾಗಿ ಓಡಿದರೆ ಆಟದಲ್ಲಿ ತಡವರಿಕೆ ಕಮ್ಮಿಯಾಗುತ್ತದೆ. ಡೆಸ್ಕ್‌ಟಾಪ್ ಡಿಡಿಆರ್4 ಅಂತ ಕೇಳಿ. ಲ್ಯಾಪ್‌ಟಾಪ್‌ನದು ಗಿಡ್ಡ, ಕೂರಲ್ಲ. ಸರ್ವರ್‌ನದು ಕೂರುತ್ತದೆ, ಆದರೆ ಓಡಲ್ಲ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗತೊಡಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ. ನಾನು ಕೊಟ್ಟ ರೇಟಿಗೆ ಈಗ ಸಿಗುತ್ತದೆ ಅಂದುಕೊಳ್ಳಬೇಡಿ. ಒಳಗೇ 16 ಜಿಬಿ ಇರುವ ಟವರ್ ಸಿಕ್ಕರೆ ಒಂದೆರಡು ಸಾವಿರ ಜಾಸ್ತಿ ಕೊಟ್ಟು ಅದನ್ನೇ ತಗೊಳ್ಳುವುದು ಈಗ ಲಾಭ.

ಜಿಟಿಎ 5 ಒಂದೇ ನೂರು ಜಿಬಿ ಹತ್ತಿರ ಜಾಗ ತಿನ್ನುತ್ತದೆ. ಅದಕ್ಕೇ 500 ಜಿಬಿಯ ಹೊಸ ಸಾಟಾ ಎಸ್‌ಎಸ್‌ಡಿ 2,800ಕ್ಕೆ ತಂದೆ. ಅಂಗಡಿಯಲ್ಲಿ ಕಮ್ಮಿಗೆ ಕೊಡುವ ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ ಸಿಸಿಟಿವಿಯಿಂದ ಕಿತ್ತಿದ್ದೂ ಇರುತ್ತವೆ, ಅವು ಬೇಡ.

ಮಾನಿಟರ್ ಹಳೆಯದು, 22 ಇಂಚು, 3,500. ಕೊಳ್ಳುವಾಗ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಚುಕ್ಕಿ ಇದೆಯಾ ನೋಡಿ. 1600×900ರ ಮಾನಿಟರ್ ಸಿಕ್ಕರೆ ಬೇಸರ ಬೇಡ. ಫುಲ್ ಎಚ್‌ಡಿಗಿಂತ ಸುಮಾರು 30 ಶೇಕಡಾ ಕಮ್ಮಿ ಚುಕ್ಕಿ, ಕಾರ್ಡಿಗೆ ಅಷ್ಟು ಭಾರ ಕಮ್ಮಿ. ಆದರೆ ಎಚ್‌ಡಿಎಂಐ ಅಥವಾ ಡಿಸ್ಪ್ಲೇ ಪೋರ್ಟ್ ಇರಲಿ. ನೀಲಿ ವಿಜಿಎ ಒಂದೇ ಇರುವ ಮಾನಿಟರ್ ತಂದರೆ ಕಾರ್ಡಿಗೆ ನೇರವಾಗಿ ಸಿಗಿಸಲು ಆಗಲ್ಲ. ಕೀಬೋರ್ಡ್, ಮೌಸ್ ಎರಡೂ ಸೇರಿ 900, ಮಾಮೂಲಿ ವಯರಿನದು.

ಕೈಯಲ್ಲಿ ಐವತ್ತು ಸಾವಿರದ ಮೇಲೆ ಇದ್ದರೆ ದಾರಿ ಬೇರೆ. ಆಗ ರೈಜನ್ 5 5600 ಅಥವಾ ಐ3-12100ಎಫ್, ಜೊತೆಗೆ ಆರ್‌ಎಕ್ಸ್ 6600ರಂಥ 8 ಜಿಬಿ ಕಾರ್ಡ್, ಒಳ್ಳೇ ಹೆಸರಿನ 450 ಅಥವಾ 550 ವ್ಯಾಟ್ ಎಸ್‌ಎಂಪಿಎಸ್ ಹಾಕಿ ಹೊಸದೇ ಕಟ್ಟಿಸಬಹುದು. ಆಗಲೂ ಗಾಜಿನ ಕ್ಯಾಬಿನೆಟ್ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿ.

ಮನೆಗೆ ತಂದಮೇಲೆ

ವಿಂಡೋಸ್ ಹೊಸದಾಗಿ ಹಾಕಿ. ಹಳೇ ಕಂಪನಿಯ ಏನೇನೋ ಅದರಲ್ಲಿರುತ್ತದೆ. ಆಫೀಸ್ ಮೆಷಿನ್‌ಗಳಲ್ಲಿ ವಿಂಡೋಸ್ ಕೀ ಬೋರ್ಡಿನಲ್ಲೇ ಕೂತಿರುವುದರಿಂದ ಸಾಮಾನ್ಯವಾಗಿ ಇಂಟರ್ನೆಟ್ ಕೊಟ್ಟ ಕೂಡಲೇ ಆಕ್ಟಿವೇಟ್ ಆಗುತ್ತದೆ. ಸುಮ್ನೆ ಇನ್ನೊಂದು ಕೀ ಕೊಳ್ಳಬೇಡಿ. ಮೈಕ್ರೋಸಾಫ್ಟ್ ಸೈಟಿನಿಂದಲೇ ವಿಂಡೋಸ್ 11 ಪೆನ್‌ಡ್ರೈವ್‌ಗೆ ಇಳಿಸಿ. ಬಯಾಸ್‌ನಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿದ ಮೇಲೆ ಶುರು ಮಾಡಿ. ಕೊನೆಗೆ ಎನ್‌ವಿಡಿಯಾ ಸೈಟಿನ ಡ್ರೈವರ್ ಹಾಕಿ.

ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಸಿಗಿಸಬೇಕು. ಇದನ್ನು ಬೇಕಂತಲೇ ಬಿಡಿಸಿ ಹೇಳುತ್ತಿದ್ದೇನೆ. "ಕಾರ್ಡ್ ಹಾಕಿದರೂ ಆಟ ತಡವರಿಸುತ್ತೆ" ಅಂತ ನನ್ನ ಅಂಗಡಿಗೆ ಮೆಷಿನ್ ಹೊತ್ತು ತಂದ ಇಬ್ಬರು ಹುಡುಗರದ್ದೂ ಇದೇ ಸಮಸ್ಯೆ ಆಗಿತ್ತು.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಇಷ್ಟು ವರ್ಷದಲ್ಲಿ ಒಣಗಿರುತ್ತದೆ. ಫ್ಯಾನ್ ಬಿಚ್ಚಿ, ಹಳೆಯದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಹೊಸದು ಕಡಲೆಕಾಳಿನಷ್ಟು ಹಾಕಿ. ನಮ್ಮದರಲ್ಲಿ ಆಟ ಆಡುವಾಗಿನ ಶಾಖ ಹನ್ನೊಂದು ಡಿಗ್ರಿ ಇಳಿಯಿತು.

ನಮ್ಮ ಕಡೆ ತೆಂಗಿನ ನಾರಿನ ಧೂಳು ಜಾಸ್ತಿ. ಹತ್ತಿಯ ಹಾಗೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಮೆಷಿನ್ ನೆಲದ ಮೇಲಿಡದೆ ಸ್ಟೂಲ್ ಮೇಲಿಡಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಅಕ್ಕನ ಮಗ ಅದನ್ನು ಅಂಗಡಿಗೆ ತರುತ್ತಾನೆ, ಇಬ್ಬರೂ ಸೇರಿ ಬ್ಲೋವರ್ ಹಿಡಿಯುತ್ತೇವೆ. ಗಾಳಿ ಬಿಡುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಒಂದು ಪೆನ್ನೋ ಬೆರಳೋ ಅಡ್ಡ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ.